ಮಸ್ಕತ್ತಿನಲ್ಲಿ ಚಿತ್ರಗಳನ್ನು ಕೆಳಗಿಳಿಸಿದ ದಿನ

ಎರಡು ಗಂಟೆ ಹತ್ತು ನಿಮಿಷ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಮಸ್ಕತ್ತಿನ ಆ ಮನೆಯ ಮಾಳಿಗೆಯ ಸೀಲಿಂಗಿನಿಂದ ಒಂದು ಹನಿ ನೀರು ನನ್ನ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಗಂಟೆ ನೆನಪಿರುವುದಕ್ಕೆ ಕಾರಣ, ಅದು ಬಿದ್ದದ್ದು ಪರದೆಯ ಮೂಲೆಯಲ್ಲಿ ಸಮಯ ತೋರಿಸುವ ಅಂಕಿಗಳ ಮೇಲೆಯೇ. ಒರೆಸಿದೆ. ಮತ್ತೊಂದು ಬಿತ್ತು.

ಹೊರಗೆ ಮಳೆ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಎದುರಿಗೆ ಕ್ಯಾಮರಾ ಸ್ಟ್ಯಾಂಡಿನ ಹಿಂದೆ ನಿಂತಿದ್ದ ಗಣೇಶ ತಲೆಯೆತ್ತಿ ನೋಡಿ ನಕ್ಕ. ಅವನು ಬದಿಯಡ್ಕದಲ್ಲಿ ಸ್ಟುಡಿಯೋ ಇಟ್ಟಿರುವವನು, ಮದುವೆ ಫೋಟೋ ತೆಗೆಯುವವನು. ಈ ಕೆಲಸಕ್ಕೆಂದು ನಾನೇ ಕರೆದುಕೊಂಡು ಬಂದಿದ್ದೆ.

"ನೋಡಿ ಟೀಚರೇ, ಸಮುದ್ರ ದಾಟಿ ಬಂದರೂ ಮಾಡು ಸೋರುವುದು ತಪ್ಪಲಿಲ್ಲ."

ನಮ್ಮ ಕಡೆಯವರಿಗೆ ಮಳೆ ಮೇಲಿನಿಂದ ಬರುವ ಉಪದ್ರ. ಹೆಂಚು ಎಲ್ಲಿ ಜಾರಿದೆ, ಪಾತ್ರೆ ಎಲ್ಲಿಡಬೇಕು, ಪುಸ್ತಕದ ಕಪಾಟನ್ನು ಯಾವ ಗೋಡೆಗೆ ಸರಿಸಬೇಕು ಎಂದು ಹುಟ್ಟಿದಂದಿನಿಂದ ಕಲಿತಿರುತ್ತೇವೆ. ಕೆಳಗೆ ಬಿದ್ದ ನೀರು ಹೇಗೂ ತೋಡು ಹುಡುಕಿಕೊಂಡು ಹೋಗುತ್ತದೆ, ಅದು ನಮ್ಮ ಚಿಂತೆಯಲ್ಲ. ಹಾಗಾಗಿ ನಾವಿಬ್ಬರೂ ಮೇಲೆ ನೋಡಿದೆವು. ಸೀಲಿಂಗಿನಲ್ಲಿ ಅಂಗೈಯಗಲದ ತೇವದ ಕಲೆ. ಅದರ ಕೆಳಗೆ, ಕೆಲಸ ಮುಗಿದು ಗೋಡೆಗೊರಗಿಸಿಟ್ಟ ಚಿತ್ರಗಳ ಸಾಲು.

"ಕೆಳಗೆ ಸಾಗಿಸುವ," ಎಂದೆ.

ಆ ಮಾತಿನಿಂದ ಶುರುವಾದದ್ದು ಗಣೇಶನ ಪ್ರಾಣದ ತನಕ ಹೋಯಿತು. ಈಗಲೂ ಬಟ್ಟೆ ಮಡಚುವಾಗ, ಬಸ್ಸಿಗೆ ಕಾಯುವಾಗ, ನಾನು ಆ ಮಾಳಿಗೆಯಲ್ಲೇ ನಿಂತಿರುತ್ತೇನೆ, ಮೇಲೆ ನೋಡುತ್ತಾ.

ಚಿತ್ರ ಎಣಿಸುವ ಕೆಲಸ

ನನ್ನ ಕೆಲಸವನ್ನು ಊರಲ್ಲಿ ವಿವರಿಸುವುದು ಕಷ್ಟ. ಮಂಗಳೂರಿನಲ್ಲಿ ಚಿತ್ರಕಲೆ ಕಲಿತು, ಕೆಲವು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ, ಈಗ ಕಲಾಕೃತಿಗಳ ದಾಖಲೆ ಮಾಡುತ್ತೇನೆ. ಒಬ್ಬರ ಸಂಗ್ರಹದಲ್ಲಿ ಎಷ್ಟು ಕೃತಿಗಳಿವೆ, ಯಾರು ಮಾಡಿದ್ದು, ಯಾವುದರ ಮೇಲೆ ಮಾಡಿದ್ದು, ಎಲ್ಲಿ ಬಣ್ಣ ಎದ್ದಿದೆ, ಎಲ್ಲಿ ಹುಳ ತಿಂದಿದೆ, ಈ ಗಳಿಗೆ ಯಾವ ಕೋಣೆಯ ಯಾವ ಹಲಗೆಯಲ್ಲಿದೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಬೆನ್ನಲ್ಲಿ ಪೆನ್ಸಿಲಿನಲ್ಲಿ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವಂತಿಲ್ಲ, ಕೃತಿ ಸುಟ್ಟು ಬೂದಿಯಾದರೂ.

ಹೊರಡುವ ಮೊದಲು ಕುಂಬ್ಡಾಜೆಯ ನನ್ನ ಚಿಕ್ಕಮ್ಮ ಕೇಳಿದ್ದರು: "ಚಿತ್ರ ಲೆಕ್ಕ ಮಾಡುವುದಾ? ಅದಕ್ಕೆ ಮಸ್ಕತ್ತಿಗೆ ಯಾಕೆ ಹೋಗುವುದು? ಫೋನಿನಲ್ಲಿ ಕೇಳಿದರೆ ಹೇಳುವುದಿಲ್ಲವಾ ಅವರು?"

ಅವರು ಎಂದರೆ ಸೆವ್ರಿನ್ ಬಾಯಿ. ಪುತ್ತಿಗೆ ಕಡೆಯ ಕೊಂಕಣಿ ಕ್ರಿಶ್ಚನ್ ಮನೆತನದವರು. ಅವರ ಗಂಡ ಲಾರೆನ್ಸ್ ಮಸ್ಕತ್ತಿನಲ್ಲಿ ಅಂಗಡಿ ಬೋರ್ಡು ಬರೆಯುವ ಕಾರ್ಖಾನೆಯ ಮೇಸ್ತ್ರಿಯಾಗಿದ್ದರು. ಕೆಲಸಗಾರರಲ್ಲಿ ಹೆಚ್ಚಿನವರು ನಮ್ಮ ಕರಾವಳಿಯವರು. ಶುಕ್ರವಾರ ರಜೆಯಲ್ಲಿ ಅವರು ಉಳಿದ ಪ್ಲೈವುಡ್ಡಿನ ಮೇಲೆ, ರಟ್ಟಿನ ಮೇಲೆ, ಉಳಿದ ಬಣ್ಣದಲ್ಲಿ ಏನಾದರೂ ಬರೆಯುತ್ತಿದ್ದರು. ರಜೆ ಮುಗಿದ ಮೇಲೆ ಅದು ಕಸ. ಲಾರೆನ್ಸ್ ಮಾತ್ರ ಅದನ್ನೆಲ್ಲ ಎತ್ತಿಟ್ಟರು, ಜೀವನವಿಡೀ. ಅವರು ತೀರಿಹೋದ ಮೇಲೆ ಸೆವ್ರಿನ್ ಬಾಯಿ ಊರಿಗೆ ಮರಳುವವರಿದ್ದರು. ಕಾಸರಗೋಡಿನ ಒಂದು ಗ್ರಂಥಾಲಯ ತನ್ನ ಮಾಳಿಗೆಯ ಹಾಲನ್ನು ಈ ಚಿತ್ರಗಳಿಗೆ ಕೊಡಲು ಒಪ್ಪಿತ್ತು, ಎಲ್ಲವೂ ದಾಖಲಾಗಿ ಬರಬೇಕು ಎಂಬ ಒಂದೇ ಷರತ್ತಿನ ಮೇಲೆ.

ಮೊದಲ ದಿನ ಗಣೇಶ ಅವುಗಳ ಎದುರು ನಿಂತು, "ಇಷ್ಟು ಪ್ಲೈವುಡ್ ಉಂಟಾ!" ಎಂದ.

"ಪ್ಲೈವುಡ್ ಹೇಳಬೇಡಿ ಮಾರಾಯ್ರೆ," ಎಂದರು ಸೆವ್ರಿನ್ ಬಾಯಿ. "ಚಿತ್ರ ಹೇಳಿ. ಅವರು ಇದ್ದಿದ್ದರೆ ನಿಮ್ಮನ್ನು ಹೊರಗೆ ಹಾಕ್ತಿದ್ದರು."

ಅವನ ಬಾಯಿಂದ ಮತ್ತೆ ಆ ಶಬ್ದ ಬರಲಿಲ್ಲ. ಮದುವೆಯ ಅಭ್ಯಾಸ ಮಾತ್ರ ಹೋಗಲಿಲ್ಲ. ಕ್ಲಿಕ್ ಮಾಡುವ ಮೊದಲು ಪ್ರತಿ ಚಿತ್ರಕ್ಕೂ "ಸ್ವಲ್ಪ ಈಚೆ ನೋಡಿ, ಹಾಂ, ನಗಿ" ಎನ್ನುತ್ತಿದ್ದ. ಅವನಿಗೆ ಚಿತ್ರ ಎತ್ತುವ ಕ್ರಮ ಕಲಿಸಿದವಳು ನಾನು. ಒಬ್ಬರು, ಒಂದು ಚಿತ್ರ, ಎರಡು ಕೈ. ಓಡಬಾರದು. ನೆಲದ ಮೇಲೆ ಇಡಬಾರದು. ಕೊಡುವವರು "ಹಿಡಿದಿದ್ದೀರಾ?" ಎಂದು ಕೇಳಬೇಕು, ತೆಗೆದುಕೊಳ್ಳುವವರು "ಹಿಡಿದೆ" ಎಂದ ಮೇಲೆಯೇ ಕೈ ಬಿಡಬೇಕು. ಎರಡನೇ ದಿನಕ್ಕೇ ಅದು ಅವನಿಗೆ ಎಷ್ಟು ರೂಢಿಯಾಯಿತೆಂದರೆ, ಚಹಾದ ಗ್ಲಾಸು ಕೊಡುವಾಗಲೂ "ಹಿಡಿದಿದ್ದೀರಾ?" ಎನ್ನುತ್ತಿದ್ದ.

ಎಲ್ಲದರಲ್ಲೂ ದೊಡ್ಡದು ಬಾಗಿಲಿನಷ್ಟಗಲದ ಒಂದು ಹಲಗೆ. ಕುಂಬಳೆ ಕಡೆಯ ಬೋರ್ಡು ಬರೆಯುವವನೊಬ್ಬ ಬರೆದ ಬಸ್ ಸ್ಟ್ಯಾಂಡ್. ಬಲಕ್ಕೆ ಬಸ್ಸು, ಎಡಕ್ಕೆ ಕಾಯುವ ಜನ. ಅವನಿಗೆ ಮನುಷ್ಯರ ಮುಖ ಬರೆಯಲು ಬರುತ್ತಿರಲಿಲ್ಲ. ಒಬ್ಬೊಬ್ಬರ ಮೂಗು ಒಂದೊಂದು ಕಡೆಗೆ. ಆದರೆ ಬಸ್ಸಿನ ನೆತ್ತಿಯ ಮೇಲಿನ 'ಪುತ್ತಿಗೆ' ಎಂಬ ಅಕ್ಷರಗಳು ಎಂಥ ದುಂಡು, ಎಂಥ ನೆರಳು! ಲಾರೆನ್ಸ್ ಊಟಕ್ಕೆ ಕೂರುತ್ತಿದ್ದದ್ದು ಇದರ ಎದುರೇ ಅಂತೆ.

ಸಲೀಮನ ಮಲಯಾಳಂ

ಮಸ್ಕತ್ತಿನಲ್ಲಿ ಯಾರೂ ನಡೆಯುವುದಿಲ್ಲ. ಚಹಾದಂಗಡಿಯ ಎದುರು ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಚಹಾ ಕಾರಿಗೇ ಬರುತ್ತದೆ. "ನಮ್ಮಲ್ಲಿ ಹಾರ್ನ್ ಹೊಡೆದರೆ ಬೈಗುಳ ಬರ್ತದೆ," ಎಂದು ಗಣೇಶ ನಿಟ್ಟುಸಿರುಬಿಟ್ಟ. ಪಕ್ಕದ ಮನೆಯ ಸಲೀಮ್ ಎಂಬ ಒಮಾನಿ ನಮ್ಮನ್ನು ಕಾಫಿಗೆ ಕರೆದ. ಕಾಫಿಯ ಕಪ್ ಬೆರಳಿನಷ್ಟು ಚಿಕ್ಕದು, ಖಾಲಿಯಾದ ಹಾಗೆ ತುಂಬಿಸುತ್ತಾರೆ. ಸಾಕಾದರೆ ಕಪ್ಪನ್ನು ಸ್ವಲ್ಪ ಅಲುಗಿಸಿ ಕೊಡಬೇಕು, ನಮಗೆ ತಿಳಿದಿರಲಿಲ್ಲ. ಬಡಿಸಿದ್ದನ್ನು ಬಿಡಬಾರದು ಎಂಬ ಸಂಸ್ಕಾರದಲ್ಲಿ ಬೆಳೆದ ಗಣೇಶ ಕುಡಿದ, ಕುಡಿದ, ಕಣ್ಣು ದೊಡ್ಡದಾಗುವವರೆಗೆ ಕುಡಿದ.

ಸಲೀಮನ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಮಲಯಾಳಿಗಳೇ ಕೆಲಸಕ್ಕಿದ್ದರಂತೆ. ಅವನ ಮಲಯಾಳಂ ನೀರಿನಂತೆ. ಕೇರಳದಲ್ಲೇ ಹುಟ್ಟಿ, ಕನ್ನಡ ಶಾಲೆಯಲ್ಲಿ ಕಲಿತು, ವಿಲೇಜ್ ಆಫೀಸಿನಲ್ಲಿ ತಡವರಿಸುವ ನನ್ನ ಮಲಯಾಳಂ ಕೇಳಿ ಅವನಿಗೆ ನಿಜವಾಗಿ ಬೇಸರವಾಯಿತು. "ಚೇಚ್ಚಿ ನಾಟ್ಟಿಲ್ ಎವಿಡೆ?" ಎಂದು ಮತ್ತೆ ಮತ್ತೆ ಕೇಳಿದ, ಅಕ್ಕಾ, ಊರು ಎಲ್ಲಿ ಎಂದು. ನಾನು ಕಾಸರಗೋಡು ಎಂದರೆ ನಂಬಿಕೆ ಬರಲಿಲ್ಲ.

ಅವನ ಮನೆ ದಿಬ್ಬದ ಮೇಲೆ. ಸೆವ್ರಿನ್ ಬಾಯಿಯ ಬಾಡಿಗೆ ಮನೆ ಅದರ ಕೆಳಗೆ ಇಳಿಜಾರಿನಲ್ಲಿ. ಮನೆಯ ಹಿಂದೆ ವಾದಿ, ಅಂದರೆ ಒಣಹೊಳೆ. ಮಕ್ಕಳು ಅಲ್ಲಿ ಫುಟ್‌ಬಾಲ್ ಆಡುತ್ತಿದ್ದರು, ಜನ ಕಾರು ನಿಲ್ಲಿಸುತ್ತಿದ್ದರು. ರಸ್ತೆ ಅದನ್ನು ದಾಟುವಲ್ಲಿ ನೀರಿನ ಮಟ್ಟ ನೋಡುವ ಕೆಂಪು ಬಿಳಿ ಕಂಬಗಳು. ಗಣೇಶ ಅವುಗಳ ಫೋಟೋ ತೆಗೆದು ಹೆಂಡತಿಗೆ ಕಳಿಸಿದ: "ಒಂದು ತೊಟ್ಟು ನೀರಿಲ್ಲ, ಅಳೆಯುವ ಕೋಲು ಮಾತ್ರ ಉಂಟು."

ಬೇಸಿಗೆಯಲ್ಲಿ ನಮ್ಮ ಹೊಳೆಗಳೂ ಹೀಗೆಯೇ, ಪಾತ್ರದ ನಡುವೆ ವಾಲಿಬಾಲ್ ನೆಟ್ ಕಟ್ಟುತ್ತಾರೆ. ಆದರೆ ನಮ್ಮ ಹೊಳೆ ಹೇಳಿ ಬರುತ್ತದೆ. ಮೊದಲು ಕೆಂಪಾಗುತ್ತದೆ, ಆಮೇಲೆ ಪಾದ ಮುಳುಗುತ್ತದೆ, ಆಮೇಲೆ ಜೂನ್ ಪೂರ್ತಿ ಏರುತ್ತದೆ. ಸೆವ್ರಿನ್ ಬಾಯಿಗೂ ವಾದಿಯ ಅನುಭವವಿರಲಿಲ್ಲ. ಅಷ್ಟು ವರ್ಷ ಫ್ಲಾಟಿನ ನಾಲ್ಕನೇ ಮಾಳಿಗೆಯಲ್ಲಿದ್ದವರು ಈ ಮನೆಗೆ ಬಂದದ್ದು ಗಂಡ ತೀರಿದ ಮೇಲೆ, ಚಿತ್ರಗಳಿಗೆ ಜಾಗ ಬೇಕೆಂದು.

ಇಳಿಜಾರು

ಮನೆಯ ಗ್ಯಾರೇಜು ಅರ್ಧ ನೆಲದ ಕೆಳಗಿತ್ತು. ಹೊರಗಿನಿಂದ ಕಾರಿಗೆ ಇಳಿಜಾರು, ಒಳಗಿನಿಂದ ಮೆಟ್ಟಿಲು. ಗ್ಯಾರೇಜಿನ ಕೊನೆಗೆ ಕಬ್ಬಿಣದ ಬಾಗಿಲಿನ ಒಂದು ಉಗ್ರಾಣ. ಸೀಲಿಂಗಿನ ತೇವ ನೋಡಿದ ಮೇಲೆ ನಮಗೆ ಮನೆಯಲ್ಲೆಲ್ಲ ಅತ್ಯಂತ ಭದ್ರವಾಗಿ ಕಂಡದ್ದು ಅದೇ. ಅದರ ಮೇಲೆ ಎರಡು ಅಂತಸ್ತು ಇತ್ತಲ್ಲ. ಒಂದು ಹನಿಯೂ ತಲುಪದ ಜಾಗ.

ಮೂವರೂ ಹೊರತೊಡಗಿದೆವು. ಓಡದೆ, ಒಂದೊಂದಾಗಿ. ಸೆವ್ರಿನ್ ಬಾಯಿ ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಳ್ಳುತ್ತಾ, "ಈ ಮಳೆಗೆ ನಮ್ಮ ಊರಿನಲ್ಲಿ ಕೊಡೆ ಸಹ ಬಿಡಿಸುವುದಿಲ್ಲ," ಎಂದು ಗೊಣಗಿದರು.

ಆಗ ಗೇಟಿನ ಬಳಿ ಹಾರ್ನ್. ಸಲೀಮ್ ತನ್ನ ಪಿಕಪ್ಪಿನಿಂದ ಕೂಗಿದ: "ಚೇಚ್ಚೀ, ವಾದಿ ವರುಂ! ವಂಡಿ ಮಾಟ್ಟಣಂ!" ವಾದಿ ಬರುತ್ತದೆ, ಗಾಡಿ ಅಲ್ಲಿಂದ ತೆಗೆಯಿರಿ. ಮಲೆಯ ಮೇಲೆ ಆಗಲೇ ಜೋರಾಗಿ ಸುರಿದಿದೆಯಂತೆ. ಸೆವ್ರಿನ್ ಬಾಯಿ ಇಳಿಜಾರಿನಲ್ಲಿದ್ದ ಕಾರನ್ನು ಮೇಲಿನ ರಸ್ತೆಗೆ ಒಯ್ದು ನಿಲ್ಲಿಸಿ ಬಂದರು. ಅವನು ಕೈಬೀಸಿ ಹೋದ. ಹೇಳಿದ್ದನ್ನು ಮಾಡಿದ್ದೇವೆ ಎಂಬ ನೆಮ್ಮದಿಯಲ್ಲಿ ನಾವು ಮತ್ತೆ ಚಿತ್ರಗಳನ್ನು ಕೆಳಗೆ ಹೊರತೊಡಗಿದೆವು. ಕಾರು ಮೇಲೆ ಹೋಗಬೇಕಾದರೆ ಚಿತ್ರಗಳು ಕೆಳಗೆ ಬರಬಹುದೇ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಾರು ಕಾರು, ಚಿತ್ರ ಚಿತ್ರ.

ಬಸ್ ಸ್ಟ್ಯಾಂಡಿನ ಆ ದೊಡ್ಡ ಚಿತ್ರವನ್ನು ಗಣೇಶನೂ ನಾನೂ ಸೇರಿ ಇಳಿಸಿದೆವು. ಅವನು ಉಗ್ರಾಣದೊಳಗೆ ಚಿತ್ರಗಳನ್ನು ಗೋಡೆಯ ಹಲಗೆಗಳಿಗೇರಿಸುತ್ತಾ ಉಳಿದ. ಕೊನೆಯ ಎರಡನ್ನು ತರಲು ನಾನು ಮೆಟ್ಟಿಲು ಹತ್ತಿದೆ.

ಲಾರಿಯಿಂದ ಕೆಂಪುಕಲ್ಲು ಸುರಿದಂಥ ಸದ್ದು. ಹಿಂದಿನ ಆವರಣದ ಗೋಡೆ ಬಿತ್ತು. ತಿರುಗಿ ನೋಡುವಾಗ ಇಳಿಜಾರಿನಲ್ಲಿ ನೀರು ಬರುತ್ತಿತ್ತು. ನೀರೆಂದರೆ ನೀರಲ್ಲ, ಹಾಲು ಹಾಕಿದ ಚಹಾದ ಬಣ್ಣದ ಕೆಸರು, ಅದರಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಕಸದ ಡಬ್ಬಿ. ಗ್ಯಾರೇಜಿಗೆ ನುಗ್ಗಿ ಉಗ್ರಾಣದ ಬಾಗಿಲನ್ನು ಧಡ್ಡನೆ ಹಾಕಿತು. ಅದು ಹೊರಗೆ, ಗ್ಯಾರೇಜಿನ ಕಡೆಗೆ ತೆರೆಯುವ ಬಾಗಿಲು. ಈಗ ಅದಕ್ಕೆ ಒಂದು ಹೊಳೆಯೇ ಒರಗಿ ನಿಂತಿತ್ತು.

ಒಳಗಿನಿಂದ ಬಡಿಯುವ ಸದ್ದು. "ಟೀಚರೇ! ಬಾಗಿಲು! ಬಾಗಿಲು ಎಳೆಯಿರಿ!"

ದೀಪಗಳು ಆರಿದವು. ಸೆವ್ರಿನ್ ಬಾಯಿ ಮೈನ್ ಸ್ವಿಚ್ ತೆಗೆದಿದ್ದರು. ಆ ಬುದ್ಧಿ ನನಗೆ ಬರುತ್ತಿರಲಿಲ್ಲ. ನಾನು ನೀರಿಗಿಳಿದೆ. ಎರಡನೇ ಹೆಜ್ಜೆಗೆ ಕಾಲು ನೆಲ ಬಿಟ್ಟಿತು. ಹಿಂದಿನಿಂದ ಯಾರೋ ಚೂಡಿದಾರದ ಶಾಲು ಹಿಡಿದು, ಕುತ್ತಿಗೆ ಬಿಗಿಯುವ ಹಾಗೆ ಎಳೆದರು.

"ನೀನೂ ಹೋಗ್ತೀಯಾ? ಮೇಲೆ ಬಾ! ಉಗ್ರಾಣಕ್ಕೆ ಆಚೆ ಕಡೆ ಕಿಟಕಿ ಉಂಟು!" ಎಂದು ಸೆವ್ರಿನ್ ಬಾಯಿ ಕಿರುಚಿದರು.

ಕಿಟಕಿ

ಉಗ್ರಾಣದ ಕಿಟಕಿ ಒಳಗಿನಿಂದ ಸೀಲಿಂಗಿನ ಹತ್ತಿರ, ಹೊರಗಿನಿಂದ ನೆಲಮಟ್ಟದಲ್ಲಿ, ಸಲೀಮನ ಮನೆಯ ಕಡೆಯ ಎತ್ತರದ ಅಂಗಳಕ್ಕೆ ತೆರೆಯುತ್ತಿತ್ತು. ಅಲ್ಲಿಗೆ ನೀರು ಬಂದಿರಲಿಲ್ಲ. ಕಬ್ಬಿಣದ ಸರಳುಗಳಿದ್ದವು. ಸೆವ್ರಿನ್ ಬಾಯಿ ಸಲೀಮನನ್ನು ಕೂಗುತ್ತಾ ದಿಬ್ಬ ಹತ್ತಿದರು. ಅರವತ್ತು ದಾಟಿದ ಹೆಂಗಸು, ಬರಿಗಾಲಿನಲ್ಲಿ. ನಾನು ಕೆಸರಿನಲ್ಲಿ ಬೋರಲಾಗಿ ಮಲಗಿ ಒಳಗೆ ನೋಡಿದೆ.

ಗಣೇಶ ಮೇಜು ಹತ್ತಿ ನಿಂತಿದ್ದ. ಆದರೂ ನೀರು ತೊಡೆಯ ತನಕ ಬಂದಿತ್ತು. ಬಾಗಿಲ ಸಂದಿನಿಂದ ಬರುತ್ತಲೇ ಇತ್ತು.

"ಟೀಚರೇ, ಇಲ್ಲಿ ನೀರು ಬರ್ತಾ ಉಂಟು," ಎಂದ. ಆಫೀಸಿಗೆ ದೂರು ಕೊಡುವವನ ಧ್ವನಿ.

"ಸಲೀಮ್ ಬರ್ತಾನೆ. ಹಗ್ಗ ತರ್ತಾನೆ."

ಅವನು ತಲೆಯಾಡಿಸಿದ. ಆಮೇಲೆ ಬಗ್ಗಿ, ಹಲಗೆಯಿಂದ ಒಂದು ಚಿತ್ರ ತೆಗೆದು, ಅಡ್ಡಲಾಗಿ ತಿರುಗಿಸಿ, ಸರಳುಗಳ ನಡುವೆ ತೂರಿಸಿದ.

"ಹಿಡಿದಿದ್ದೀರಾ?"

"ಹಿಡಿದೆ," ಎಂದೆ.

ಇದನ್ನೇ ನಾನು ಇನ್ನೂ ನೋಡುತ್ತಿರುವುದು. ಒಬ್ಬ ಮನುಷ್ಯ ಮುಳುಗುತ್ತಿದ್ದ, ನಾನು ಅವನ ಕೈ ಹಿಡಿಯಲಿಲ್ಲ. ಅವನ ಕೈಯಲ್ಲಿದ್ದ ಚಿತ್ರ ಹಿಡಿದೆ. ಬಿಡು ಅದನ್ನು ಎನ್ನಲಿಲ್ಲ. ಮತ್ತೊಂದು ಬಂತು. ಹಿಡಿದಿದ್ದೀರಾ? ಹಿಡಿದೆ. ಇನ್ನೊಂದು. ಒಂದನ್ನು ನೆಲದ ಮೇಲೆ ಇಡಲು ಮನಸ್ಸು ಬಾರದೆ ನನ್ನ ಬೆನ್ನ ಮೇಲೆಯೇ ಒರಗಿಸಿಕೊಂಡೆ. ಪ್ರತಿ ಸಲ ಅವನು ಬಗ್ಗಿ ಏಳುವಾಗ ನೀರು ಅವನ ಮೈಯಲ್ಲಿ ಒಂದಿಷ್ಟು ಮೇಲೆ ಏರಿರುತ್ತಿತ್ತು. ಕೈಗಳು ಮಾತ್ರ ಒಂದೇ ಸಮ. ಮೇಲೆ ಒಂದು ಕೈ, ಕೆಳಗೆ ಒಂದು ಕೈ, ನಾನು ಕಲಿಸಿದ ಹಾಗೆ.

ಸಲೀಮನ ಪಿಕಪ್ಪು ಅಂಗಳದ ಬೇಲಿ ಮುರಿದುಕೊಂಡು ಬಂತು. ಅವನು ಸರಳಿಗೆ ಹಗ್ಗ ಬಿಗಿದು ಗಾಡಿಯಿಂದ ಎಳೆಸಿದ. ಮೊದಲ ಸಲ ಹಗ್ಗ ಜಾರಿತು. ಎರಡನೇ ಸಲ ಚೌಕಟ್ಟು ಸಮೇತ ಕಿತ್ತು ಬಂತು. ನಾನು ಕೈ ಚಾಚಿದೆ. ಗಣೇಶನ ಎದೆಯ ತನಕ ನೀರು.

ಆಗಲೇ ಬಸ್ ಸ್ಟ್ಯಾಂಡ್ ತೇಲಿ ಬಂದದ್ದು. ಅಷ್ಟು ದೊಡ್ಡ ಹಲಗೆ ಗೋಡೆಯಿಂದ ಬಿಟ್ಟುಕೊಂಡು, ನೀರಿನ ಜೊತೆ ಎದ್ದು, ಅವನಿಗೂ ಕಿಟಕಿಗೂ ನಡುವೆ ಬಂದು ಒಳಗಿನಿಂದ ಮುಚ್ಚಳದ ಹಾಗೆ ಕೂತಿತು. ನಮ್ಮ ಕಡೆಗೆ ಚಿತ್ರದ ಮುಖ. ಬಸ್ಸು, ಅಕ್ಷರ. ಅದರ ಅಂಚಿನಲ್ಲಿ ಗಣೇಶನ ನಾಲ್ಕು ಬೆರಳು. ನೂಕಿದರೆ ಅವನ ಮೇಲೆಯೇ ಹೋಗುತ್ತದೆ; ಎಳೆಯಲು ಹಿಡಿತವಿಲ್ಲ. ಸಲೀಮನ ಕೈಯಲ್ಲಿ ಚಕ್ರ ಬಿಚ್ಚುವ ಕಬ್ಬಿಣದ ಸ್ಪಾನರ್ ಇತ್ತು. ಅವನು ನನ್ನನ್ನು ನೋಡಿದ. ನಾವು ಈ ಹಲಗೆಗಳನ್ನು ಮಗುವಿನಂತೆ ಎತ್ತುವುದನ್ನು ದಿನಾ ನೋಡಿದವನು. ಅಪ್ಪಣೆ ಕೇಳುತ್ತಿದ್ದ. ನಾನು ಬಸ್ಸಿನ ಅಕ್ಷರಗಳನ್ನು ನೋಡುತ್ತಿದ್ದೆ.

ಸೆವ್ರಿನ್ ಬಾಯಿ ಅವನ ಕೈಯಿಂದ ಸ್ಪಾನರ್ ಕಿತ್ತುಕೊಂಡರು.

"ಎಂತ ನೋಡ್ತೀರಿ? ಪ್ಲೈವುಡ್ ಅದು! ಪ್ಲೈವುಡ್!"

ಬಸ್ಸಿನ ನಡುವಿಗೇ ಹೊಡೆದರು. ಮೂರು ಪೆಟ್ಟೋ ನಾಲ್ಕೋ. ಹಲಗೆ ಸೀಳಿತು. ಸಲೀಮ್ ಆ ತೂತಿನಲ್ಲಿ ಎರಡೂ ಕೈ ಹಾಕಿ ಸೀಳಿದ್ದನ್ನು ಅಗಲಿಸಿ, ಗಣೇಶನ ಕಂಕುಳಿಗೆ ಕೈ ಕೊಟ್ಟು ಎಳೆದ. ಅಂಗಿ ಹರಿಯಿತು, ಭುಜದ ಚರ್ಮ ಹೋಯಿತು, ಮನುಷ್ಯ ಹೊರಗೆ ಬಂದ. ಕೆಸರಿನಲ್ಲಿ ಅಂಗಾತ ಬಿದ್ದು ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ಕೇಳಿದ:

"ಕ್ಯಾಮರಾ ಮೇಲೆಯೇ ಉಂಟಲ್ಲ?"

ವಾದಿಯ ಮರುದಿನ

ಮರುದಿನ ಬಿಸಿಲು, ಏನೂ ಆಗಿಲ್ಲ ಎಂಬಂತೆ. ವಾದಿಯಲ್ಲಿ ಸೌಮ್ಯವಾದ ಒಂದು ತೊರೆ ಹರಿಯುತ್ತಿತ್ತು. ಅದರ ಬದಿಯಲ್ಲಿ ಒಮಾನಿಗಳು ಚಾಪೆ ಹಾಸಿ, ಅನ್ನದ ತಟ್ಟೆ ನಡುವಿಟ್ಟು, ಮಕ್ಕಳನ್ನು ನೀರಿಗೆ ಬಿಟ್ಟು ಕೂತಿದ್ದರು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ನಮ್ಮಲ್ಲೂ ಹೊಳೆ ತುಂಬಿದರೆ ಕೊಡೆ ಹಿಡಿದು, ಹೊಳೆ ದಾಟುವ ಸಂಕದ ಮೇಲೆ ಊರೇ ನಿಲ್ಲುತ್ತದಲ್ಲ ಎಂದು ನೆನಪಾಯಿತು. ಸಲೀಮನ ಮನೆಯಿಂದ ಹೊತ್ತು ಹೊತ್ತಿಗೆ ಊಟ ಬರುತ್ತಿತ್ತು. ತಂದವರು ಇಟ್ಟು, ಗ್ಯಾರೇಜಿನ ಕೆಸರಿನತ್ತ ಒಮ್ಮೆ ನೋಡಿ, ದೇವರನ್ನು ನೆನೆದು ಹೋಗುತ್ತಿದ್ದರು.

ನಾವು ಒಣಗಿಸಲು ತೊಡಗಿದೆವು. ಕೆಳಗಿನ ಹಲಗೆಗಳಲ್ಲಿದ್ದ ರಟ್ಟಿನ ಚಿತ್ರಗಳು ಗಂಜಿಯಾಗಿದ್ದವು. ಅಂಗಡಿ ಬೋರ್ಡಿನ ಎನಾಮೆಲ್ ಬಣ್ಣ ಮಾತ್ರ ಗಟ್ಟಿ. ಕೆಸರು ತೊಳೆದರೆ ಅಡಿಯಲ್ಲಿ ಹಾಗೆಯೇ ನಗುತ್ತಿತ್ತು. ಎಲ್ಲವನ್ನೂ ಮೊದಲಿನಿಂದ ನೋಡಿ ಬರೆಯಬೇಕಾಯಿತು: ಊದಿದೆ, ಪದರ ಬಿಟ್ಟಿದೆ, ಇಲ್ಲ, ಇಲ್ಲ. ಇಲ್ಲ ಎಂಬುದರ ಎದುರು ಕಾರಣ ಬರೆಯಬೇಕು. ಬಸ್ ಸ್ಟ್ಯಾಂಡಿನ ಎಡ ಅರ್ಧ ಸಿಕ್ಕಿತ್ತು. ಬಲ ಅರ್ಧ ಚೂರುಚೂರಾಗಿ ಕೆಸರಿನ ಜೊತೆ ಹೋಗಿತ್ತು. ಅದರ ಎದುರು ನಾನು 'ನೆರೆಯಲ್ಲಿ ಹಾನಿ' ಎಂದು ಬರೆಯಹೊರಟೆ.

"ನೆರೆ ಅಲ್ಲ," ಎಂದರು ಸೆವ್ರಿನ್ ಬಾಯಿ. "ನಾನು ಒಡೆದದ್ದು. ಹಾಗೆಯೇ ಬರೆಯಿರಿ. ನಾಳೆ ಯಾರಾದರೂ ಕೇಳಿದರೆ ಯಾಕೆ ಒಡೆದೆ ಅಂತಲೂ ತಿಳಿಯಲಿ."

"ಕಾರಣ, ಗಣೇಶ ಅಂತ ಬರೆಯಿರಿ," ಎಂದ ಗಣೇಶ, ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಸೋಫಾದಲ್ಲಿ ಬಿದ್ದಲ್ಲಿಂದ. "ಪಟ್ಟಿಯಲ್ಲಾದರೂ ಹೆಸರು ಬರಲಿ." ಆಮೇಲೆ ಆ ಅರ್ಧ ಹಲಗೆಯನ್ನು ನೋಡುತ್ತಾ ಹೇಳಿದ: "ಬಸ್ಸು ಹೋಯ್ತು ಟೀಚರೇ, ಜನ ಉಳಿದರು. ಒಳ್ಳೆಯದೇ ಅಲ್ವಾ?"

ಅವನು ಅಲ್ಲೇ ನಿದ್ದೆ ಹೋದ. ಗೊರಕೆ ಹೊಡೆದ. ಅಂದಿನಿಂದ ಹೊರಡುವ ತನಕ ಅವನು ಮಲಗಿದಲ್ಲೆಲ್ಲ ನಿದ್ದೆ ಮಾಡುತ್ತಿದ್ದ. ನನಗೆ ಕಣ್ಣು ಮುಚ್ಚಿದರೆ ಸರಳುಗಳ ನಡುವಿನಿಂದ ಎರಡು ಕೈ ಬರುತ್ತಿದ್ದವು.

ಮಂಗಳೂರು ವಿಮಾನ ನಿಲ್ದಾಣ

ಉಳಿದ ಚಿತ್ರಗಳನ್ನು ಪೆಟ್ಟಿಗೆಗಳಲ್ಲಿ ಹಡಗಿಗೆ ಕೊಟ್ಟೆವು. ಸೆವ್ರಿನ್ ಬಾಯಿ ಮನೆ ಬಿಟ್ಟುಕೊಟ್ಟು ಹಿಂದಿನಿಂದ ಬರುವವರಿದ್ದರು. ಬಸ್ ಸ್ಟ್ಯಾಂಡಿನ ಅರ್ಧವನ್ನು ಮಾತ್ರ ನಾವೇ ತರಬೇಕೆಂದು ಅವರ ಹಟ. ಬೆಡ್‌ಶೀಟಿನಲ್ಲಿ ಸುತ್ತಿ, ಹಗ್ಗ ಕಟ್ಟಿ ತಂದೆವು. ಮಂಗಳೂರಿನಲ್ಲಿ ಅಧಿಕಾರಿಯೊಬ್ಬ ಬಿಚ್ಚಿಸಿ ನೋಡಿದ. ಹರಿದ ಅಂಚು, ಕೆಸರಿನ ವಾಸನೆ, ಸೊಟ್ಟ ಮೂಗಿನ ಜನ.

"ಇದೆಂತ?"

"ಚಿತ್ರ," ಎಂದೆ.

"ಉಳಿದದ್ದೆಲ್ಲಿ?"

"ಒಮಾನಿನಲ್ಲಿ."

ಅವನು ನಮ್ಮಿಬ್ಬರ ಮುಖ ನೋಡಿದ. "ಎಲ್ಲರೂ ಗಲ್ಫಿನಿಂದ ಚಿನ್ನ ತರ್ತಾರೆ. ನೀವು ಸೌದೆ ತಂದದ್ದಾ?"

ಗಣೇಶ ನಗಲು ಶುರುಮಾಡಿದ, ಅಧಿಕಾರಿಯೂ ನಕ್ಕ. ನನಗೆ ಅಳು ಬಂತು. ಅಷ್ಟು ಸಣ್ಣ ಮಾತಿಗೆ, ಅಷ್ಟು ಜನರ ಎದುರು. ಅಧಿಕಾರಿ ಗಾಬರಿಯಾಗಿ ಹಲಗೆಯನ್ನು ತಾನೇ ಮತ್ತೆ ಸುತ್ತಿ ಕೊಟ್ಟ. ಕಾಸರಗೋಡಿಗೆ ಬರುವ ದಾರಿಯಲ್ಲಿ ಗಣೇಶ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಕುಂಬಳೆ ದಾಟಿದ ಮೇಲೆ, "ಬಾಯಾರಿಕೆ ಉಂಟಾ?" ಎಂದ. ಇಲ್ಲ ಎಂದೆ.

ಕಾಸರಗೋಡು

ಹಡಗಿನ ಪೆಟ್ಟಿಗೆಗಳು ಬಂದದ್ದು ಮಳೆಗಾಲ ಶುರುವಾದ ಮೇಲೆ. ಅಷ್ಟರಲ್ಲಿ ನನ್ನ ರಾತ್ರಿಗಳು ಕೆಟ್ಟಿದ್ದವು. ಹುಟ್ಟಿದಂದಿನಿಂದ ಮಳೆಯ ಸದ್ದಿಗೆ ಮಲಗಿದವಳು ನಾನು. ಈಗ ಮೊದಲ ಹನಿಗೇ ಎದ್ದು ಕೂರುತ್ತಿದ್ದೆ. ಎದ್ದು ಹೋಗಿ ಅಂಗಳದ ಲೈಟು ಹಾಕಿ ನೋಡುವುದು, ನೀರು ತೋಡಿಗೆ ಹೋಗುತ್ತಿದೆಯೇ ಎಂದು. ಹೋಗುತ್ತಿರುತ್ತಿತ್ತು. ನನ್ನ ಗಂಡ ಮೊದಲು ಸಮಾಧಾನ ಹೇಳಿದರು, ಆಮೇಲೆ ಡಾಕ್ಟರಲ್ಲಿ ಕರೆದುಕೊಂಡು ಹೋದರು, ಕೊನೆಗೆ ತಾವೂ ಎದ್ದು ಟಾರ್ಚು ಹಿಡಿದು ಜೊತೆಗೆ ಬರತೊಡಗಿದರು. ಚಿಕ್ಕಮ್ಮ ಫೋನಿನಲ್ಲಿ, "ನಾನು ಆಗಲೇ ಹೇಳಿದ್ದೆ," ಎಂದರು.

ಪೆಟ್ಟಿಗೆ ಬಿಚ್ಚಲು ಗ್ರಂಥಾಲಯದ ಮಾಳಿಗೆಯಲ್ಲಿ ಮೂವರ ಭೇಟಿ. ಸೆವ್ರಿನ್ ಬಾಯಿ ಊರಿನಲ್ಲಿ ಸ್ವಲ್ಪ ದಪ್ಪಗಾಗಿದ್ದರು. ಗಣೇಶ ಒಂದೊಂದನ್ನು ಎತ್ತಿ ಕೊಡುತ್ತಿದ್ದ, ನಾನು ಪಟ್ಟಿಯ ಜೊತೆ ತಾಳೆ ನೋಡುತ್ತಿದ್ದೆ. ನೀರಿನ ಗುರುತಿಲ್ಲದ ಕೆಲವು ಬಂದವು. ಅವುಗಳ ಬೆನ್ನಲ್ಲಿ ಒಣಗಿದ ಕೆಸರಿನ ಅಂಗೈ ಗುರುತು, ನನ್ನದು. ಗಣೇಶ ಅವನ್ನು ತಿರುಗಿಸಿ ನೋಡಿದ.

"ಇದೆಲ್ಲ ಒದ್ದೆಯೇ ಆಗಲಿಲ್ಲವಾ? ಮೇಲೆ ಉಳಿದಿತ್ತಾ?"

"ನೀನು ಕೊಟ್ಟದ್ದಲ್ಲವಾ?"

"ಯಾವಾಗ?"

"ಕಿಟಕಿಯಿಂದ."

ಅವನು ನನ್ನನ್ನೇ ನೋಡಿದ. ತಮಾಷೆಯ ಮುಖವಲ್ಲ. "ನಾನಾ? ಕಿಟಕಿಯಿಂದ? ಇಲ್ಲಪ್ಪ. ನಾನು ಸರಳು ಹಿಡಿದುಕೊಂಡೇ ಇದ್ದೆನಲ್ಲ. ನೀವು ಮಾತಾಡ್ತಾ ಇದ್ದಿರಿ. ಸಲೀಮ್ ಬರ್ತಾನೆ, ಸಲೀಮ್ ಬರ್ತಾನೆ, ಅಂತ. ಅದೊಂದೇ ನೆನಪುಂಟು. ಆಮೇಲೆ ಆ ಮನುಷ್ಯನ ಕೈ. ಎಂಥ ಕೈ ಮಾರಾಯ್ರೆ, ಒನಕೆ ಹಾಗೆ."

ನಾನು ಪೂರ್ತಿ ಹೇಳಿದೆ. ಅವನು ಹೇಗೆ ಬಗ್ಗಿದ, ಹೇಗೆ ಕೇಳಿದ, ನಾನು ಏನೆಂದೆ, ಏನು ಹೇಳಲಿಲ್ಲ. ನಾನು ಈ ಮಾತನ್ನು ಗಂಡನಿಗೂ ಹೇಳಿರಲಿಲ್ಲ. ಗಣೇಶ ಕೇಳಿಸಿಕೊಂಡ, ಯಾರದೋ ಮದುವೆಯ ಜಗಳ ಕೇಳಿಸಿಕೊಳ್ಳುವ ಹಾಗೆ.

"ಹಾಗಾದರೆ ಕೊಟ್ಟಿರಬೇಕು," ಎಂದ. "ಕೊಟ್ಟರೆ ನೀವು ತೆಗೆದುಕೊಳ್ಳದೆ ಎಂತ ಮಾಡುವುದು? ಕೈ ಖಾಲಿ ಇದ್ದಿದ್ದರೆ ನಾನು ಬೊಬ್ಬೆ ಹಾಕ್ತಿದ್ದೆ. ಅದೂ ನಿಮಗೆ ನೆನಪಿರ್ತಿತ್ತು."

"ನಿನಗೆ ನಿಜವಾಗಿ ನೆನಪಿಲ್ಲವಾ ಗಣೇಶ?"

"ದೇವರಾಣೆ ಇಲ್ಲ. ನೀವು ಇಟ್ಟುಕೊಂಡದ್ದು ಸಾಕು, ನನಗೆ ಕೊಡಬೇಡಿ ಅದನ್ನು."

"ಅವನು ಅಷ್ಟು ಹೇಳುವಾಗ ಬಿಡಬಾರದಾ ಟೀಚರೇ," ಎಂದರು ಸೆವ್ರಿನ್ ಬಾಯಿ, ನೆಲದಲ್ಲಿ ಕೂತು ಮೊಳೆ ಹೆಕ್ಕುತ್ತಾ. "ನಾನು ಒಡೆದವಳೇ ನಿದ್ದೆ ಮಾಡ್ತಾ ಇದ್ದೇನೆ."

ಸಂಜೆಯ ತನಕ ಕೆಲಸ ಮಾಡಿದೆವು. ಬಸ್ ಸ್ಟ್ಯಾಂಡಿನ ಅರ್ಧವನ್ನು ಬಲಕ್ಕೆ ಜಾಗ ಬಿಟ್ಟು ತೂಗುಹಾಕಿದೆವು. ಅಲ್ಲಿ ಬರಿಯ ಗೋಡೆ. ಜನ ಆ ಗೋಡೆಯನ್ನು ನೋಡುತ್ತಾ ಕಾಯುತ್ತಿದ್ದಾರೆ. ಗಣೇಶ ಅವರ ಫೋಟೋ ತೆಗೆದ. ನಗಿ ಎಂದು ಹೇಳಲು ಮರೆತ.

ಮನೆಗೆ ಬಂದು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಮರುದಿನ ಆದಿತ್ಯವಾರ. ಎದ್ದಾಗ ಬೆಳಕು ಹಾಸಿಗೆಯ ತನಕ ಬಂದಿತ್ತು. ಅಂಗಳದಲ್ಲಿ ಸಂಜೆ ಒಳಗೆ ತರಲು ಮರೆತ ಬಟ್ಟೆಗಳು ನೆಲ ಮುಟ್ಟುವಷ್ಟು ಭಾರವಾಗಿ ಜೋತು ನೀರು ಸುರಿಸುತ್ತಿದ್ದವು.

ಗಂಡ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ರಾತ್ರಿಯಿಡೀ ಮಳೆ ಹೊಯ್ದಿದೆ," ಎಂದರು. "ನಾನು ಟಾರ್ಚು ಹಿಡಿದು ಕಾಯ್ತಾ ಇದ್ದೆ, ನೀನು ಏಳ್ತೀಯ ಅಂತ."